ಪಟ್ಟಿಯಲ್ಲಿರದ ಇಪ್ಪತ್ನಾಲ್ಕು ಪೊಟ್ಟಣಗಳು

2024ರ ಮೇ 21, ಮಂಗಳವಾರ, ಬೆಳಗ್ಗೆ 7 ಗಂಟೆ 4 ನಿಮಿಷ. ಸ್ಯಾನ್ ಡಿಯಾಗೋದ ನನ್ನ ಬಾಡಿಗೆ ಕೋಣೆಯಲ್ಲಿ ಹಾಲು ಕಾಯಿಸುತ್ತಿದ್ದಾಗ ಸಹಪಾಠಿಯ ಫೋನ್ ಬಂತು. ಸಾರ್ವಜನಿಕ ಆರೋಗ್ಯ ಓದುತ್ತಿದ್ದ ನಮ್ಮ ತರಗತಿಯಲ್ಲಿ ಯುದ್ಧ ನಡೆಯುತ್ತಿರುವ ದೇಶದಿಂದ ಬಂದವಳು ಅವಳೊಬ್ಬಳೇ. ಆ ದೇಶದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಹನ್ನೊಂದು ಹೆಂಗಸರು ಇನ್ನೂ ಕೆಲಸ ಮಾಡುತ್ತಿದ್ದಾರೆ.

"ಚಿಕ್ಕಮ್ಮ ಮೂರನೇ ಕಾವಲುಚೌಕಿಯಲ್ಲಿದ್ದಾರೆ," ಎಂದಳು. "ಕಾವಲಿನವರು ನಮ್ಮ ಪೆಟ್ಟಿಗೆ ಬಿಚ್ಚಿಸಿದ್ದಾರೆ. ಕಂದು ಬಣ್ಣದ ಪುಡಿ ಏನು ಅಂತ ಕೇಳುತ್ತಿದ್ದಾರಂತೆ. ಯಾವ ಪುಡಿ ಅದು?"

"ಪುಡಿ ಇಲ್ಲ. ಒಂದೊಂದು ಚೀಲದಲ್ಲೂ ಆರೇ ಸಾಮಾನು. ನಾನೇ ಎಣಿಸಿದ್ದೇನೆ."

"ಅವರ ಕೈಯಲ್ಲೇ ಇದೆ. ಬೇಗ ಹೇಳು."

ಹಾಲು ಉಕ್ಕಿತು. ಒಲೆ ಆರಿಸಿದೆ.

ಅವಳ ಚಿಕ್ಕಮ್ಮ ಸೂಲಗಿತ್ತಿ. ಊರಿನ ಆಸ್ಪತ್ರೆ ಮುಚ್ಚಿದ ಮೇಲೆ ಹನ್ನೊಂದು ಹೆಂಗಸರಿಗೆ ಹೆರಿಗೆ ಮಾಡಿಸುವುದನ್ನು ಕಲಿಸಿದ್ದರು. ಒಬ್ಬೊಬ್ಬರಿಗೂ ಮೂರು ಮೂರು ಓಣಿ ಹಂಚಿದ್ದರು. ಆ ಓಣಿಗಳಲ್ಲಿ ಯಾರಿಗೆ ಎಷ್ಟನೇ ತಿಂಗಳು, ಯಾರ ಕಾಲು ಊದಿದೆ, ಯಾರ ಗಂಡ ವಾಪಸ್ ಬಂದಿಲ್ಲ, ಎಲ್ಲವೂ ಅವರಿಗೆ ಗೊತ್ತಿರಬೇಕು. ಒಂಬತ್ತನೇ ತಿಂಗಳು ಬೀಳುವ ಮೊದಲು ಪ್ರತಿ ಮನೆಗೂ ಒಂದು ಹೆರಿಗೆ ಚೀಲ ತಲುಪಬೇಕು. ಅದರಲ್ಲಿ ಪ್ಲಾಸ್ಟಿಕ್ ಹಾಸು, ಸೋಪು, ಕೈಗವಸು, ಹೊಕ್ಕುಳಬಳ್ಳಿ ಕಟ್ಟುವ ದಾರ, ಹೊಸ ಬ್ಲೇಡು, ಮಗುವಿಗೆ ಸುತ್ತುವ ಬಟ್ಟೆ. ನಾವು ಕಳಿಸುತ್ತಿದ್ದದ್ದು ಅದನ್ನೇ. ಪಕ್ಕದ ದೇಶದವರೆಗೆ ಪಾರ್ಸೆಲ್ ಹೋಗುತ್ತಿತ್ತು. ಅಲ್ಲಿಂದ ಮೂರು ಕಾವಲು ದಾಟಿಸಿ ತರುವ ಕೆಲಸವನ್ನು ಚಿಕ್ಕಮ್ಮ ಬೇರೆ ಯಾರಿಗೂ ಬಿಡುತ್ತಿರಲಿಲ್ಲ.

ಅವರು ನಮಗೆ ಹೇಳಿದ್ದ ನಿಯಮ ಒಂದೇ. ಪಟ್ಟಿಯಲ್ಲಿರುವುದೆಲ್ಲ ಪೆಟ್ಟಿಗೆಯಲ್ಲಿರಬೇಕು, ಪೆಟ್ಟಿಗೆಯಲ್ಲಿರುವುದೆಲ್ಲ ಪಟ್ಟಿಯಲ್ಲಿರಬೇಕು. ಕಾವಲಿನವರು ಬಿಚ್ಚಿ ಎಣಿಸುತ್ತಾರೆ.

ಏಪ್ರಿಲ್ 6ರ ಶನಿವಾರ ಐದನೇ ನಂಬರಿನ ಫ್ರೀವೇ ಹಿಡಿದು ಸೆರಿಟೋಸ್‌ಗೆ ಡ್ರೈವ್ ಮಾಡಿದ್ದೆ. ಹುಬ್ಬಳ್ಳಿ ಕಡೆಯ ಆಂಟಿಯೊಬ್ಬರ ಗ್ಯಾರೇಜಿನಲ್ಲಿ ಏಳು ಜನ ಕನ್ನಡದ ಹೆಂಗಸರು ಸೇರಿದ್ದರು. ನಿಯಮವನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ್ದು ನಾನೇ: "ಆರರಲ್ಲಿ ಒಂದೂ ಬಿಟ್ಟುಹೋಗಬಾರದು." ಇನ್ನರ್ಧ ಬರೆಯಲಿಲ್ಲ. ಅದನ್ನು ಬೇರೆ ಹೇಳಬೇಕೆ ಎಂದುಕೊಂಡಿದ್ದೆ. ಚೀಲಗಳ ಬಾಯಿ ಮುಚ್ಚುವ ಕೆಲಸ ಆಂಟಿಯದು, ಮುಚ್ಚಿದ್ದನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಕ ಬರೆಯುವುದು ನನ್ನದು.

"ಬಂಗಾರ ತೂಗಿದಂಗ ತೂಗಾಕತ್ತೀಯಲ್ಲ," ಎಂದು ಆಂಟಿ ನಕ್ಕಿದ್ದರು. "ನಿನ್ನ ಲಗ್ನಕ್ಕ ವರಾನೂ ಹಿಂಗs ತೂಗಿ ನೋಡ್ತೀಯೇನು?"

ಒಟ್ಟು ಅರವತ್ತು ಚೀಲ. ಮೂವತ್ತಾರು ಚೀಲ ತಲಾ 412 ಗ್ರಾಂ ತೂಗಿದವು. ಇಪ್ಪತ್ನಾಲ್ಕು 435. ಲೆಕ್ಕದ ಪುಸ್ತಕದ ಅಂಚಿನಲ್ಲಿ "ಸೋಪು ದಪ್ಪ?" ಎಂದು ಬರೆದು ಪುಟ ತಿರುಗಿಸಿದ್ದೆ. ಒಂದನ್ನೂ ಬಿಚ್ಚಿ ನೋಡಲಿಲ್ಲ. ಆಗಲೇ ನಾಲ್ಕು ಗಂಟೆ. ವಾಪಸ್ ದಾರಿಯ ಟ್ರಾಫಿಕ್‌ನದೇ ಚಿಂತೆ.

ಮೇ 21ರ ಬೆಳಗ್ಗೆ 7 ಗಂಟೆ 9 ನಿಮಿಷಕ್ಕೆ ಆಂಟಿಗೆ ಫೋನ್ ಮಾಡಿದೆ.

"ಪುಡಿ? ಹೂಂ, ನಾನs ಹಾಕೇನಿ. ಬಾಣಂತಿ ಪುಡಿ. ಒಣಶುಂಠಿ, ಓಮ, ಮೆಣಸು ಹುರದು ಕುಟ್ಟಿದ್ದು. ಯಾಕ?"

"ಯಾಕೆ ಹೇಳಲಿಲ್ಲ ಆಂಟಿ?"

"ಹೇಳೂದೇನೈತಿ ಅದರಾಗ? ಹಡದಾಕಿಗೆ ಬರೇ ಬ್ಲೇಡು, ಸಾಬಾಣ ಕಳಸ್ತಾರೇನು? ನಿಮ್ಮವ್ವ ಕೇಳಿದ್ರ ನಗ್ತಾಳ. ಪುಡಿ ತೀರಿಹೋತು, ಇಲ್ಲಾಂದ್ರ ಎಲ್ಲಾದಕ್ಕೂ ಹಾಕತಿದ್ದೆ."

"ಎಷ್ಟಕ್ಕೆ ಹಾಕಿದ್ರಿ?"

"ಎಣಿಸಿಲ್ಲವಾ. ಎಣಿಸೂ ಕೆಲಸ ನಿಂದಲ್ಲ?"

ಹೌದು, ನನ್ನದೇ. ಎಣಿಸಿಯೂ ಇದ್ದೆ. ಕೆಲವು ಚೀಲಗಳಲ್ಲಿ ಹೆಸರಿಲ್ಲದ ಪುಡಿ, ಹೆಚ್ಚಿನವುಗಳಲ್ಲಿ ಇಲ್ಲ. ಬಂದೂಕು ಹಿಡಿದವನಿಗೆ ಅದು ಬಚ್ಚಿಟ್ಟ ಹಾಗೆಯೇ ಕಾಣುತ್ತದೆ. ಆಂಟಿಗೆ ವಿಷಯ ಹೇಳಿದೆ. ಅವರು ಕುಕ್ಕರಿನ ಒಲೆ ಆರಿಸಿದ ಸದ್ದು ಕೇಳಿತು. ಆಮೇಲೆ, "ತಿಂದು ತೋರಿಸು ಅಂತ ಹೇಳು ಆಕಿಗೆ. ಒಂದು ಚಿಟಿಕಿ ಬಾಯಾಗ ಹಾಕ್ಕೊಂಡ್ರ ತಿಳೀತದ," ಎಂದರು. ದನಿ ಸಣ್ಣದಾಗಿತ್ತು.

ಸಹಪಾಠಿ ತನ್ನ ಭಾಷೆಯಲ್ಲಿ ಅದೆಲ್ಲವನ್ನೂ ಹೇಳಿ ಚಿಕ್ಕಮ್ಮನ ಫೋನಿಗೆ ಧ್ವನಿಸಂದೇಶ ಕಳಿಸಿದಾಗ 7 ಗಂಟೆ 19 ನಿಮಿಷ. ಸಂದೇಶದ ಪಕ್ಕ ಒಂದೇ ಟಿಕ್ ಗುರುತು ಕಂಡಿತು. 9 ಗಂಟೆ 12ಕ್ಕೆ ಅದು ಎರಡಾಯಿತು. ಸಂದೇಶ ತಲುಪಿತ್ತು. ಅದನ್ನು ಯಾರಾದರೂ ಕೇಳಿದ ಗುರುತಾದ ನೀಲಿ ಬಣ್ಣ ಮಾತ್ರ ಬರಲಿಲ್ಲ.

ಆ ದಿನದವರೆಗೆ ಪ್ರತಿ ಬೆಳಗ್ಗೆ ಏಳಕ್ಕೆ ಚಿಕ್ಕಮ್ಮನ ದನಿ ಬರುತ್ತಿತ್ತು: ಎಷ್ಟು ಹೆರಿಗೆ, ಎಷ್ಟು ಚೀಲ ಉಳಿದಿದೆ, ಯಾವ ತಾಯಿಗೆ ಜ್ವರ. ಸಹಪಾಠಿ ಅನುವಾದಿಸುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಮೇ 22ರ ಸಾಲು ಖಾಲಿ, 23 ಖಾಲಿ, 24 ಖಾಲಿ. ಆಂಟಿ ಪ್ರತಿದಿನ ಏಳೂವರೆಗೆ ಫೋನ್ ಮಾಡಿ, "ಏನರ ಬಂತೇನವಾ?" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ, "ಬರ್ತದ ಬಿಡು," ಎನ್ನುತ್ತಿದ್ದರು. ಒಂಬತ್ತನೇ ದಿನ ಹಾಗೆನ್ನಲಿಲ್ಲ. ಹತ್ತನೇ ದಿನ ಫೋನ್ ಬರಲಿಲ್ಲ.

ಹದಿಮೂರನೇ ದಿನ, ಜೂನ್ 2, ಭಾನುವಾರ, ಹನ್ನೊಂದು ಮಂದಿಯಲ್ಲಿ ಒಬ್ಬರು ಸಂದೇಶ ಕಳಿಸಿದರು. ಬೆಳಗ್ಗೆ ಕದ ತೆಗೆದಾಗ ಪೆಟ್ಟಿಗೆಗಳು ಹೊಸ್ತಿಲಾಚೆ ಇದ್ದವಂತೆ. ಅರವತ್ತು ಚೀಲವೂ ಸರಿಯಾಗಿವೆ. ಇಪ್ಪತ್ನಾಲ್ಕನ್ನು ಮಾತ್ರ ಬಿಚ್ಚಿ, ಪುಡಿಯ ಪೊಟ್ಟಣ ತೆಗೆದು, ಅಚ್ಚುಕಟ್ಟಾಗಿ ಟೇಪು ಹಚ್ಚಿದ್ದಾರೆ. ತಂದಿಟ್ಟವರನ್ನು ಯಾರೂ ನೋಡಿಲ್ಲ. ಪೆಟ್ಟಿಗೆ ಸೇರಬೇಕಾದದ್ದು ಆ ಹೆಂಗಸಿನ ಮನೆಗೆ ಎಂದು ಅವರಿಗೆ ಹೇಗೆ ತಿಳಿಯಿತೆಂದೂ ಗೊತ್ತಿಲ್ಲ. ಅದು ಗೊತ್ತಿದ್ದದ್ದು ಚಿಕ್ಕಮ್ಮನಿಗೆ ಮಾತ್ರ.

ಅದನ್ನು ಕೇಳಿದ ಸಹಪಾಠಿ ನನ್ನ ಲೆಕ್ಕದ ಪುಸ್ತಕ ಕೇಳಿದಳು. ಲೈಬ್ರರಿಯ ಮೇಜಿನ ಮೇಲೆ ಏಪ್ರಿಲ್ 6ರ ಪುಟ ತೆಗೆದು ಅಂಕಿಗಳ ಮೇಲೆ ಬೆರಳಾಡಿಸಿದಳು. ಕನ್ನಡ ಓದಲು ಬಾರದಿದ್ದರೂ 435ರ ಮೇಲೆ ಬೆರಳು ನಿಂತಿತು.

"ಇದೇನು ಬರೆದಿದ್ದೀಯ?"

ಓದಿ ಹೇಳಿದೆ.

"ನಿನಗೆ ಗೊತ್ತಿತ್ತು."

"ತೂಕ ಗೊತ್ತಿತ್ತು. ಪುಡಿ ಗೊತ್ತಿರಲಿಲ್ಲ."

ಅವಳು ಪುಸ್ತಕ ಮುಚ್ಚಿ ನನ್ನ ಕಡೆಗೆ ಸರಿಸಿದಳು. ಬೈಯಲಿಲ್ಲ. ಬೈದಿದ್ದರೆ ಉತ್ತರಿಸಬಹುದಿತ್ತು.

ಚಿಕ್ಕಮ್ಮನ ಸುಳಿವಿಲ್ಲ. ಹನ್ನೊಂದು ಹೆಂಗಸರು ಓಣಿ ಬಿಟ್ಟಿಲ್ಲ. ಆದರೆ ಹೊಟ್ಟೆಯಲ್ಲಿ ಅಡ್ಡ ನಿಂತ ಮಗುವನ್ನು ಹೊರಗಿನಿಂದಲೇ ಸವರಿ ತಿರುಗಿಸಲು ಬರುತ್ತಿದ್ದದ್ದು ಚಿಕ್ಕಮ್ಮನೊಬ್ಬರಿಗೇ. ಈಗ ಆ ಹೆಂಗಸರ ಸಂದೇಶಗಳಲ್ಲಿ ಹೆರಿಗೆಗಳ ಸಂಖ್ಯೆ ಮಾತ್ರ ಇರುತ್ತದೆ, ಬದುಕುಳಿದ ತಾಯಂದಿರದು ಇರುವುದಿಲ್ಲ. ನಾನು ಎರಡು ಸಲ ಕೇಳಿದೆ. ಉತ್ತರ ಬರಲಿಲ್ಲ.

ಕನ್ನಡ ಓದುವವರಲ್ಲಿ ಯುದ್ಧದ ಊರುಗಳಲ್ಲಿ ನರ್ಸ್ ಆಗಿ ದುಡಿದವರಿದ್ದೀರಿ, ಶಾಂತಿಪಡೆಯಲ್ಲಿ ಹೋಗಿ ಬಂದವರಿದ್ದೀರಿ. ನದಿ ದಾಟಿದ ಮೇಲೆ, ಹಳೆಯ ಹಿಟ್ಟಿನ ಗಿರಣಿಯ ಪಕ್ಕದಲ್ಲಿರುವ ಕಾವಲು ಯಾವುದೆಂದು ನಿಮ್ಮಲ್ಲಿ ಕೆಲವರಿಗಾದರೂ ಹೊಳೆಯಬಹುದು. ಅಲ್ಲಿ ತಡೆದ ಹೆಂಗಸರನ್ನು ಎಲ್ಲಿಗೆ ಒಯ್ಯುತ್ತಾರೆ? ಐವತ್ತರ ಆಸುಪಾಸಿನ, ಎಡಗೈ ಹೆಬ್ಬೆರಳು ಮಡಚಲಾಗದ ಸೂಲಗಿತ್ತಿಯೊಬ್ಬರನ್ನು ಮೇ 21ರ ನಂತರ ಯಾರಾದರೂ ಕಂಡಿದ್ದೀರಾ, ಕಂಡವರ ಬಾಯಿಂದ ಕೇಳಿದ್ದೀರಾ? ಪ್ರಕಾಶಕರ ವಿಳಾಸಕ್ಕೆ ಬರೆಯಿರಿ. ನಿಮ್ಮ ಹೆಸರು ಬೇಡ. ದಿನ, ಗಂಟೆ ಗೊತ್ತಿದ್ದರೆ ಬರೆಯಿರಿ. ಗೊತ್ತಿರದಿದ್ದರೂ ಬರೆಯಿರಿ.