ಕರಾಟೆ ಹುಡುಗಿಯ ಅಪ್ಪ

ನಮ್ಮ ಬೀದಿಯ ಲಾಂಡ್ರಿಯವನ ಮಗಳು ಕರಾಟೆಗೆ ಸೇರಿದಂದಿನಿಂದ ಗಿರಾಕಿಗಳ ಬಟ್ಟೆಗೆ ಎರಡನೆಯ ಸ್ಥಾನ. ಅವಳ ಬಿಳಿ ಅಂಗಿಗೆ ಅವನು ಹಾಕುವ ಇಸ್ತ್ರಿಯ ಗೆರೆಗೆ ಬೆರಳು ಸೋಕಿದರೆ ಕುಯ್ದೀತು. ತರಗತಿಯೊಳಗೆ ಹೆತ್ತವರನ್ನು ಬಿಡುವುದಿಲ್ಲವಾದ್ದರಿಂದ, ಮುಚ್ಚಿದ ಬಾಗಿಲಾಚೆ ಚಪ್ಪಲಿಗಳ ನಡುವೆ ಕೂತು, ಮಗಳ ಕೂಗು ಕೇಳಿದಾಗಲೆಲ್ಲ ತನ್ನ ಕಾಲನ್ನೂ ಎತ್ತುತ್ತಾನೆ. ಪಕ್ಕದವರು ಸರಿದು ಕೂರುವುದನ್ನು ರೂಢಿಸಿಕೊಂಡಿದ್ದಾರೆ. "ರಕ್ತ ಆದ್ರೆ ಆಗಿಂದಾಗ್ಲೇ ತಣ್ಣೀರಿಗೆ ಹಾಕ್ಬೇಕು. ಒಣಗಿದ್ರೆ ನಮ್ಮಪ್ಪ ಬಂದ್ರೂ ತೆಗೆಯೋಕಾಗಲ್ಲ" ಎಂದು ಅವರಿಗೆ ಪಾಠ ಹೇಳುವುದೂ ಉಂಟು. ಮಗಳ ಅಂಗಿಯಲ್ಲಿ ಕಲೆ ಕಂಡರೆ ಮಾತ್ರ ಮೊದಲು ಕೇಳುತ್ತಾನೆ, "ನಿಂದಾ ಮಗಳೇ?" ಅವಳದೇ ಆದರೆ ಆಗಲೇ ತಣ್ಣೀರಿಗೆ ಹಾಕುತ್ತಾನೆ. ಕಳೆದ ತಿಂಗಳು ಅವಳು, "ಅಲ್ಲಪ್ಪ, ನನ್ನ ಎದುರಿಗಿದ್ದ ಹುಡುಗೀದು. ನನ್ನ ಏಟು ಮೂಗಿಗೆ ಬಿತ್ತು" ಎಂದಳು. ಅವನು ಅಂಗಿಯನ್ನು ಹಾಗೇ ಮೊಳೆಗೆ ತೂಗುಹಾಕಿ, "ನಡಿ, ಆ ಮಗೂನ ನೋಡ್ಕೊಂಡು ಬರೋಣ" ಎಂದು ಅಂಗಡಿ ಮುಚ್ಚಿದ. ಆ ಮನೆಯಿಂದ ಅಪ್ಪ ಮಗಳು ಹಿಂತಿರುಗುವಷ್ಟರಲ್ಲಿ ಕಲೆ ಒಣಗಿತ್ತು. ಆ ಅಂಗಿಯ ತೋಳಿನ ಕಂದು ಚುಕ್ಕೆ ತೋರಿಸಿ ಯಾರಾದರೂ "ನಿಮ್ಮ ಕೈಲೂ ಹೋಗ್ಲಿಲ್ವಾ?" ಎಂದರೆ, "ಅದು ಇರ್ಲಿ ಬಿಡಿ" ಎಂದು ಅದರ ಮೇಲೂ ಮುತುವರ್ಜಿಯಿಂದ ಇಸ್ತ್ರಿ ಎಳೆಯುತ್ತಾನೆ.