ಹೊಳೆ ದಾಟಿಸಿದ ಇಲಿಗಳು

ನಮ್ಮ ಮನೆಯಲ್ಲಿ ಇಲಿಯನ್ನು ಕೊಲ್ಲುವುದಿಲ್ಲ. ಗಣಪತಿಯ ವಾಹನ ಎಂದು, ಬೋನಿಗೆ ಬಿದ್ದದ್ದನ್ನು ಹಳ್ಳದ ಆಚೆ ಬಿಟ್ಟು ಬರುತ್ತೇವೆ. ನೀರು ದಾಟಿದ ಇಲಿ ಮರಳಿ ಬರುವುದಿಲ್ಲವಂತೆ. ಹೋದ ಬೇಸಿಗೆಯಲ್ಲಿ ಕಡಹಿನಬೈಲಿನ ನಮ್ಮ ಹಳ್ಳವೇ ಒಣಗಿತು. ಬಿಟ್ಟ ಗದ್ದೆಯಿಲಿಗಳು ನನಗಿಂತ ಮೊದಲು ಮನೆ ಸೇರತೊಡಗಿದವು.

ನೆಮ್ಮಾರಿನ ತಂಗಿಯ ಮನೆ ಹತ್ತಿರ ತುಂಗಾ ಹೊಳೆಯಿದೆ. ಅಲ್ಲಿಗೆ ಹೊರಟಾಗ ಮುಚ್ಚಳಕ್ಕೆ ತೂತು ಹೊಡೆದ ಡಬ್ಬಿಯಲ್ಲಿ ಮೂರು ಇಲಿ ಹಾಕಿಕೊಂಡು ಬಸ್ಸು ಹತ್ತಿದೆ. ಕೊಪ್ಪದಲ್ಲಿ ಪಕ್ಕಕ್ಕೆ ಕೂತ ಹೆಂಗಸು ಕೇಳಿದಳು:

"ಡಬ್ಬೀಲಿ ಎಂತದು?"

"ಕೊಬ್ರಿ ಮಿಠಾಯಿ."

"ನಿಮ್ಮ ಮಿಠಾಯಿ ಓಡಾಡ್ತದಲ್ಲ ಮಾರಾಯ್ರೇ!"

ಶೃಂಗೇರಿಯವರೆಗೆ ಅವಳು ನಿಂತೇ ಬಂದಳು. ನಾನು ನೆಮ್ಮಾರಿನಲ್ಲಿ ಇಳಿದು ಮೂರನ್ನೂ ಹೊಳೆಯ ಆಚೆ ಬಿಟ್ಟೆ.

ಈ ವರ್ಷ ಮೊಮ್ಮಗಳು ಗದ್ದೆಯಿಲಿಗಳ ಸಂಶೋಧನೆಗೆಂದು ಬಂದು ನನ್ನ ಮನೆಯಲ್ಲೇ ಉಳಿದಳು. ಹಿಮಯುಗ ಮುಗಿದು ಮಳೆಕಾಡು ಮತ್ತೆ ಬೆಳೆದಾಗ ಇಲಿಗಳು ಬೇರೆ ಬೇರೆ ದಾರಿ ಹಿಡಿದು ಹರಡಿರಬೇಕು ಎಂಬುದು ಅವಳ ಲೆಕ್ಕಾಚಾರ. ಜೀವಕೋಶದಲ್ಲಿ ಕ್ರೋಮೋಸೋಮು ಎಂಬ ಎಳೆಗಳಿವೆಯಂತೆ. ನಮ್ಮ ಕಡೆಯ ಇಲಿಗಳಲ್ಲಿ ಅವು ಬಿಡಿಬಿಡಿ, ನೆಮ್ಮಾರಿನವುಗಳಲ್ಲಿ ಕೆಲವು ಒಂದಕ್ಕೊಂದು ಅಂಟಿಕೊಂಡಿವೆ.

ಒಂದು ಮಧ್ಯಾಹ್ನ ಅವಳು ಕುಣಿದುಕೊಂಡು ಬಂದಳು.

"ಅಜ್ಜೀ, ನೆಮ್ಮಾರಲ್ಲಿ ಎರಡೂ ಬೆರೆತ ಇಲಿ ಸಿಕ್ಕಿದೆ! ಎರಡು ದಾರಿ ಅಲ್ಲೇ ಕೂಡಿದ್ದು. ಸಂಜೆ ನಮ್ಮ ಗೈಡ್ ಮೇಡಮ್‌ಗೆ ಬರೆದು ಕಳಿಸ್ತೆ."

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಹೇಳಿದರೆ ಅವಳ ವರ್ಷದ ದುಡಿಮೆಗೆ ಪೆಟ್ಟು. ಹೇಳದಿದ್ದರೆ ನಾನು ಬಸ್ಸಿನಲ್ಲಿ ಒಯ್ದದ್ದನ್ನು ಅವಳು ಹಿಮಯುಗದ ತಲೆಗೆ ಕಟ್ಟಿ, ನಾಳೆ ನಾಲ್ಕು ಜನರೆದುರು ನಗೆಪಾಟಲಾಗುತ್ತಾಳೆ. ಅಂಗಳಕ್ಕೆ ಹೋದೆ, ಬಂದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಬಾಗಿಲಿನಿಂದ ಇಣುಕಿದರೆ ಅವಳು ಟಕಟಕ ಬರೆಯುತ್ತಲೇ ಇದ್ದಳು. ಬಿಸಿಲು ಜಗಲಿಯಿಂದ ಇಳಿಯುತ್ತಿತ್ತು.

"ಕೂಸೇ, ಕಳಿಸ್ಬೇಡ."

"ಎಂತಕ್ಕೆ?"

"ಆ ಇಲಿಯ ಅಪ್ಪನೋ ಅಮ್ಮನೋ ನನ್ನ ಜೊತೆ ಬಸ್ಸಲ್ಲಿ ಹೋಗಿದ್ದು."

ಅವಳು ನಗಲಿಲ್ಲ. "ಎಷ್ಟು ಬಿಟ್ಟೆ?"

"ಒಂದು."

ಅವಳು ನೋಡುತ್ತಲೇ ಇದ್ದಳು.

"ಮೂರು."

ಅವಳು ಬರೆದದ್ದನ್ನು ಸಾಲುಸಾಲಾಗಿ ಅಳಿಸಿದಳು. ಕಣ್ಣು ಒರೆಸಿಕೊಂಡು ನನ್ನ ಫೋನು ತಂದು ಕೈಗಿಟ್ಟಳು.

"ಟೈಪ್ ಮಾಡ್ಲಿಕ್ಕೆ ಕಲಿ. ಎಲ್ಲೆಲ್ಲಿ ಬಿಟ್ಟೆ, ಒಂದೂ ಬಿಡದೆ ಬರಿ. ಆ ಜಾಗ ಬಿಟ್ಟು ಬೇರೆ ಕಡೆ ಬೋನು ಇಡ್ತೆ."

ಅಕ್ಷರ ಹುಡುಕಿ ಹುಡುಕಿ 'ನೆಮ್ಮಾರು' ಎಂದು ಬರೆಯುವಷ್ಟರಲ್ಲಿ ಹೆಬ್ಬೆರಳು ನೋಯಿತು. ಅದರ ಕೆಳಗೆ ಇನ್ನೊಂದು ಊರು ಬರೆದು ಫೋನನ್ನು ಮೆಲ್ಲನೆ ಅವಳತ್ತ ಸರಿಸಿದೆ.

"ಸೀತೂರಲ್ಲೂ ಬಿಟ್ಯಾ!"

"ಮದುವೆಗೆ ಹೋಗಿದ್ದೆ ಮಾರಾಯ್ತಿ. ಬರಿಗೈಲಿ ಹೋಗ್ಲಿಕ್ಕಾಗ್ತದಾ?"