ಅಕ್ಕಿ ಡ್ರಮ್ಮಿನ ಹಿಂದಿನ ಜಾಯಿಂಟು

ಓದಿ ಮುಗಿಸಿದವರನ್ನು ಕಂಡರೆ ನನಗೆ ಗೌರವ. ಓದುತ್ತಾ ಕೂತವರನ್ನು ಕಂಡರೆ ಮಾತ್ರ ಸಲಹೆ ಕೊಡದೆ ಇರಲಾರೆ. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವನಿಗೆ ಇರುವ ದೊಡ್ಡ ಅನುಕೂಲ ಇದು. ಮುಂದಿನ ತರಗತಿಗಳ ಕಷ್ಟ ಗೊತ್ತಿಲ್ಲದ್ದರಿಂದ ಎಲ್ಲದರ ಬಗ್ಗೆಯೂ ಧೈರ್ಯವಾಗಿ ಮಾತಾಡಬಹುದು. ಹಾಗೆ ಮಾತಾಡಿಯೇ ನಾನು ಈ ಇಳಿವಯಸ್ಸಿನಲ್ಲಿ ಒಂದು ಪಾಪ ಕಟ್ಟಿಕೊಂಡೆ. ಯಾರಿಗಾದರೂ ಪೂರ್ತಿ ಹೇಳದಿದ್ದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ನೀವು ಸಿಕ್ಕಿದ್ದೀರಿ, ಕೇಳಿ.

ನಾನು ಟೆಲಿಫೋನ್ ಲೈನ್‌ಮನ್ ಆಗಿದ್ದವನು. ಮನೆ ಹುಣಸೂರು. ಬಿಳಿಕೆರೆಯಿಂದ ಹಿಡಿದು ಅಂತರಸಂತೆಯವರೆಗೆ ನಾನು ಹತ್ತದ ಕಂಬವಿಲ್ಲ. ಕಾಕನಕೋಟೆ ಕಡೆ ಆನೆ ಬೆನ್ನು ತಿಕ್ಕಿ ಕಂಬ ಉರುಳಿಸಿದರೂ ನಾನು ಹಾಕಿದ ತಂತಿಯ ಜಾಯಿಂಟು ಬಿಚ್ಚುವುದಿಲ್ಲ ಎಂಬ ಮಾತು ಆಗ ಚಾಲ್ತಿಯಲ್ಲಿತ್ತು. ಆ ಮಾತನ್ನು ಚಾಲ್ತಿಗೆ ತಂದವನೂ ನಾನೇ. ಎರಡು ತಂತಿಯ ತುದಿ ಸುಲಿದು, ಬೆರಳಲ್ಲಿ ಹೊಸೆದು, ಕಪ್ಪು ಟೇಪು ಸುತ್ತಿದರೆ ಆ ಕಡೆಯ ಊರು ಈ ಕಡೆಯ ಊರಿಗೆ 'ಹಲೋ' ಅನ್ನುತ್ತಿತ್ತು. ಇದಕ್ಕಿಂತ ದೊಡ್ಡ ವಿದ್ಯೆ ಲೋಕದಲ್ಲಿದೆಯೆಂದು ನಾನು ನಂಬಿರಲಿಲ್ಲ.

ನನ್ನ ಸೊಸೆ ಪವಿತ್ರ ಕೋಟೆ ತಾಲ್ಲೂಕಿನ ಕಡೆಯವಳು, ಡಿಪ್ಲೊಮಾ ಓದಿದವಳು. ಮಗ ಕಂಪಲಾಪುರದ ಹೊಲದಲ್ಲಿ ಹೊಗೆಸೊಪ್ಪಿನ ಹಿಂದೆ ಇರುತ್ತಾನೆ. ಇವಳು ಇಲ್ಲೇ ಪೇಟೆಯ ಒಂದು ಇಂಟರ್‌ನೆಟ್ ಕಚೇರಿಯಲ್ಲಿ ಫೋನು ಎತ್ತುವ ಕೆಲಸದಲ್ಲಿದ್ದಾಳೆ. ನೆಟ್ಟು ಬರದಿದ್ದರೆ ಜನ ಅವಳಿಗೆ ಬೈಯುತ್ತಾರೆ, ಅವಳು ಅವರಿಗೊಂದು ಕಂಪ್ಲೇಂಟ್ ನಂಬರು ಕೊಡುತ್ತಾಳೆ. ಅದೇ ಕಚೇರಿಯ ಒಳಕೋಣೆಯಲ್ಲಿ ರೂಟರು, ಸ್ವಿಚ್ಚು ಇತ್ಯಾದಿ ಯಂತ್ರಗಳಿವೆ. ಒಂದು ಕಂಪ್ಯೂಟರಿನ ಮಾತನ್ನು ಇನ್ನೊಂದಕ್ಕೆ ದಾಟಿಸುವಂಥವು. ಅವನ್ನು ನೋಡಿಕೊಳ್ಳುವವನು ಕೆಲಸ ಬಿಡುವವನಿದ್ದ. ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆ ಪಾಸು ಮಾಡಿದರೆ ಆ ಜಾಗ ನಿನ್ನದೇ ಎಂದು ಮಾಲೀಕರು ಪವಿತ್ರಳಿಗೆ ಹೇಳಿದ್ದರು. ಬೈಸಿಕೊಳ್ಳುವ ಕುರ್ಚಿಯಿಂದ ಒಳಕೋಣೆಯ ಕುರ್ಚಿಗೆ ಹತ್ತು ಹೆಜ್ಜೆ. ಮಗುವನ್ನು ಅಂಗನವಾಡಿಗೆ ಬಿಟ್ಟು, ಮುದ್ದೆ ತಿರುವಿಟ್ಟು, ಉಳಿದ ಹೊತ್ತಿನಲ್ಲಿ ಅವಳು ಆ ಹತ್ತು ಹೆಜ್ಜೆಗಾಗಿ ಓದುತ್ತಿದ್ದಳು.

ಓದು ಅಂದರೆ ಏನು ಓದು ಅಂತೀರಿ? ಲ್ಯಾಪ್‌ಟಾಪಿನಲ್ಲಿ ಒಂದು ಸಾಫ್ಟ್‌ವೇರು. ಅದರೊಳಗೆ ರೂಟರಿನ ಚಿತ್ರ, ಸ್ವಿಚ್ಚಿನ ಚಿತ್ರ. ಬೆರಳಲ್ಲಿ ಎಳೆದರೆ ತಂತಿಯ ಚಿತ್ರ. ಯಂತ್ರವಿಲ್ಲದೆ ಯಂತ್ರ ನಡೆಸುವುದು. ನನಗೆ ನಗು ತಡೆಯಲಾಗಲಿಲ್ಲ.

"ಏನವ್ವ ಇದು, ಮಕ್ಕಳು ಮರಳಲ್ಲಿ ಅನ್ನ ಸಾರು ಮಾಡ್ದಂಗೆ ಐತಲ್ಲ" ಅಂದೆ.

"ಸಿಮ್ಯುಲೇಟರ್ ಮಾವ. ನಿಜವಾದ್ದು ಹೆಂಗೆ ನಡ್ಕತದೋ ಇದೂ ಅಂಗೇ ನಡ್ಕತದೆ."

"ಪುಸ್ತಕದ ಬದನೆಕಾಯಿ ಕಣವ್ವ. ಇದ್ರಲ್ಲಿ ಶಾಕ್ ಹೊಡೀತದಾ? ಇಲಿ ಕಡೀತದಾ? ಮಳೆ ಬಂದ್ರೆ ನೆನೀತದಾ?"

ಅವಳು ಸುಮ್ಮನಾದಳು. ನಮ್ಮ ಕಡೆ ಸೊಸೆ ಸುಮ್ಮನಾದರೆ ಮಾವನ ಮಾತು ಸರಿ ಎಂದರ್ಥ. ಹಾಗೆಂದು ಮಾವಂದಿರು ತಿಳಿದಿದ್ದಾರೆ.

ಆಮೇಲೆ ಗೊತ್ತಾಯಿತು, ಈ ಜಗಳ ನಮ್ಮ ಮನೆಯದೊಂದೇ ಅಲ್ಲವಂತೆ. ಇದೇ ಪರೀಕ್ಷೆಗೆ ಓದುವವರು ಊರೂರುಗಳಲ್ಲಿ ಎರಡು ಪಕ್ಷವಾಗಿ ಮೊಬೈಲಿನ ವೀಡಿಯೋಗಳಲ್ಲಿ ಕಚ್ಚಾಡುತ್ತಾರೆ. ಒಬ್ಬ ತನ್ನ ಹಿಂದೆ ಬೀರು ತುಂಬ ಯಂತ್ರ ಜೋಡಿಸಿ, ಹಸಿರು ದೀಪ ಮಿನುಗಿಸಿ, ಕಬ್ಬಿಣ ಮುಟ್ಟದವನು ಕಲಿಯಲಾರ ಅನ್ನುತ್ತಾನೆ. ಅವನು ಆ ಯಂತ್ರಗಳ ಧೂಳು ಒರೆಸಿದ್ದರೂ ಸಾಕಿತ್ತು. ಇನ್ನೊಬ್ಬ ಕಾಫಿ ಲೋಟ ಹಿಡಿದು, ಎಲ್ಲ ಲ್ಯಾಪ್‌ಟಾಪಿನಲ್ಲೇ ಆಗುತ್ತದೆ ಅನ್ನುತ್ತಾನೆ. ಅವನ ಅಂಗೈ ಕೆಸವಿನೆಲೆಯಂತೆ ನುಣುಪು. ಇಬ್ಬರನ್ನೂ ನೋಡಿ ನನಗೆ ತಾತ್ಸಾರ ಹುಟ್ಟಿತು. ಆದರೂ ಕಬ್ಬಿಣದವನ ಪಕ್ಷ ಸೇರಿದೆ.

ಮೈಸೂರಿಗೆ ಹೋಗಿ, ಮುಚ್ಚಿದ ಯಾವುದೋ ಕಚೇರಿಯ ಹಳೆಯ ರೂಟರು ಎರಡು, ಸ್ವಿಚ್ಚು ಒಂದು ಗುಜರಿಯಲ್ಲಿ ಹಿಡಿದೆ. ಗೊಬ್ಬರದ ಚೀಲದಲ್ಲಿ ಹಾಕಿ ಬಸ್ಸು ಹತ್ತಿದೆ. ಕಂಡಕ್ಟರು ಚೀಲವನ್ನು ಕಾಲಲ್ಲಿ ತಳ್ಳಿ ನೋಡಿದ.

"ಏನ್ ಯಜಮಾನ್ರೆ, ಕೋಳಿನಾ? ಕೋಳಿಗೆ ಟಿಕೆಟ್ ಐತೆ."

"ಕೂಗ್ದಿರೋ ಜಾತಿ ಕಣಪ್ಪ, ಬುಡು."

ಮನೆಯಲ್ಲಿ ಕರೆಂಟು ಕೊಟ್ಟ ಕೂಡಲೇ ಅವು ಕೂಗಿದವು. ಒಳಗಿನ ಫ್ಯಾನುಗಳ ಸದ್ದಿಗೆ ಪಕ್ಕದ ಮನೆಯವರು ಹಿಟ್ಟಿನ ಗಿರಣಿ ಇಟ್ಟರೇನೋ ಎಂದು ಇಣುಕಿ ಹೋದರು. ಹಳೆಯ ಮಾಲೀಕನ ಪಾಸ್‌ವರ್ಡು ಒಳಗೇ ಕೂತಿತ್ತು. ಅದನ್ನು ಬಿಡಿಸಲು ಪವಿತ್ರಳಿಗೆ ಒಂದು ವಾರ ಹಿಡಿಯಿತು. ಪರೀಕ್ಷೆಗೆ ಒಂದೂವರೆ ತಿಂಗಳಿತ್ತು. "ಮಾವ ಅಷ್ಟು ದೂರದಿಂದ ಹೊತ್ತು ತಂದವ್ರೆ" ಎಂದು ಅವಳು ತಾಯಿಗೆ ಫೋನಿನಲ್ಲಿ ಹೇಳುವುದು ಕೇಳಿ ನಾನು ಉಬ್ಬಿದೆ. ಅದು ಸಂತೋಷದ ಮಾತಲ್ಲ, ಬೇಡವೆನ್ನಲಾರದವಳ ಮಾತು ಎಂದು ಈಗ ಗೊತ್ತಾಗುತ್ತದೆ.

ಒಂದು ರೂಟರು ನಡುಮನೆಯಲ್ಲಿ, ಇನ್ನೊಂದು ರೂಟರೂ ಸ್ವಿಚ್ಚೂ ಒಳಗೆ ಅಕ್ಕಿ ಡ್ರಮ್ಮಿನ ಪಕ್ಕ. ನಡುವಿನ ಕೇಬಲ್ಲು ಗಿಡ್ಡವಾಯಿತು. ಹೊಸದು ತರುತ್ತೇನೆ ಎಂದಳು ಪವಿತ್ರ. ನಾನಿರುವಾಗ ಹೊಸದೇ? ಅವಳು ಕೆಲಸಕ್ಕೆ ಹೋದಾಗ ಎರಡು ತುಂಡು ಕೇಬಲ್ ಸುಲಿದೆ. ಟೆಲಿಫೋನಿಗೆ ಎರಡೆಳೆ, ಇದರಲ್ಲಿ ಎಂಟು. ಎಂಟನ್ನೂ ಬಣ್ಣ ನೋಡಿ ಹೊಸೆದು, ಟೇಪು ಸುತ್ತಿ, ಡ್ರಮ್ಮಿನ ಹಿಂದೆ ಇಳಿಬಿಟ್ಟೆ. ಸ್ವಿಚ್ಚಿನಲ್ಲಿ ಹಸಿರು ದೀಪ ಹತ್ತಿತು. ಆನೆ ಎಳೆದರೂ ಬಿಚ್ಚದು ಎಂದುಕೊಂಡೆ.

ಅಂದಿನಿಂದ ಅವಳ ಕಷ್ಟ ಶುರುವಾಯಿತು. ಈ ತುದಿಯಿಂದ ನಾಲ್ಕು ಸಂದೇಶ ಕಳಿಸಿದರೆ ನಾಲ್ಕೂ ಮುಟ್ಟಿ ಹಿಂತಿರುಗಬೇಕು. ಅದೇ ಪರೀಕ್ಷಿಸುವ ರೀತಿ.

"ಲ್ಯಾಪ್‌ಟಾಪಲ್ಲಿ ನಾಕಕ್ಕೆ ನಾಕೂ ವಾಪಸ್ ಬತ್ತವೆ ಮಾವ. ಅದೇ ಕಮಾಂಡು ಇದಕ್ಕೆ ಕೊಟ್ರೆ ಒಂದ್ಸಲ ಎರಡು, ಒಂದ್ಸಲ ಒಂದೂ ಇಲ್ಲ."

"ಅದ್ಕೇ ಕಣವ್ವ ಯೋಳಿದ್ದು. ಲ್ಯಾಪ್‌ಟಾಪಿನ ಬೊಂಬೆ ನಿನ್ನ ಮನಸ್ಸಿಗೆ ಹಿತವಾಗಿ ಸುಳ್ಳು ಯೋಳ್ತದೆ, ಕಬ್ಬಿಣ ಮುಖಕ್ಕೆ ಹೊಡ್ದಂಗೆ ನಿಜ ಯೋಳ್ತದೆ. ನಿನ್ದೇ ಎಲ್ಲೋ ತಪ್ಪೈತೆ, ನೋಡು."

ಅವಳು ನೋಡಿದಳು. ಬರೆದದ್ದನ್ನು ಅಳಿಸಿ ಮತ್ತೆ ಬರೆದಳು. ದೀಪ ಹಸಿರಿದೆಯಲ್ಲ, ತಂತಿ ಸರಿಯಿದೆ, ತಪ್ಪು ನನ್ನದೇ ಎಂದು ಮೊದಲಿನಿಂದ ಶುರು ಮಾಡಿದಳು.

ಮೂರನೆಯ ದಿನ ಮೊಮ್ಮಗುವಿನ ಚೆಂಡು ಡ್ರಮ್ಮಿನ ಹಿಂದೆ ಹೋಯಿತು. ಕೈಹಾಕಿ ಹುಡುಕುವಾಗ ಆ ಜಾಯಿಂಟು ನನ್ನ ಅಂಗೈಯಲ್ಲಿ ಒತ್ತಿಕೊಂಡಿತು. ನಡುಮನೆಯಿಂದ ಪವಿತ್ರ, "ಬಂತು ಮಾವ, ನಾಕೂ ಬಂತು" ಎಂದಳು. ಕೈ ಬಿಟ್ಟೆ. "ಅಯ್ಯೋ, ಹೋಯ್ತು" ಎಂದಳು. ಮತ್ತೆ ಒತ್ತಿದೆ, ಬಂತು. ಬಿಟ್ಟೆ, ಹೋಯಿತು. ಕಂಬದ ಮೇಲೆ ಆಯಸ್ಸು ಕಳೆದವನಿಗೆ ಇದಕ್ಕಿಂತ ಹೆಚ್ಚು ಸಾಕ್ಷಿ ಬೇಕಿಲ್ಲ. ಮಾತು ದಾಟಿಸಲು ಒರಟು ಹೊಸೆತ ಸಾಕು. ಈ ಎಂಟೆಳೆಗೆ ಸಾಲದು.

ಚೆಂಡು ತೆಗೆದುಕೊಂಡು ಈಚೆ ಬಂದೆ. ಬಾಯಿ ಬಿಡಲಿಲ್ಲ.

ಇದೇ ನನ್ನ ಪಾಪ. ತಪ್ಪು ಜಾಯಿಂಟು ಹಾಕಿದ್ದು ಅಜ್ಞಾನ, ಅದಕ್ಕೆ ಕ್ಷಮೆಯುಂಟು. ನಾಳೆ ಅವಳಿಲ್ಲದಾಗ ಕೇಬಲ್ಲು ಬದಲಿಸಿದರೆ ಆಯಿತು, ಹೇಳುವುದೇಕೆ ಎಂದುಕೊಂಡೆ. ಮಾರನೆಯ ದಿನ ಅಂಗಡಿಗೆ ಹೋಗಲು ನಾಚಿಕೆ. ಅದರ ಮಾರನೆಯ ದಿನ, ಇಷ್ಟು ದಿನವಾದ ಮೇಲೆ ಸರಿಹೋದರೆ ಅವಳಿಗೆ ಅನುಮಾನ ಬರುತ್ತದೆಂಬ ಅಂಜಿಕೆ. ಹೀಗೆ ದಿನಕ್ಕೊಂದು ನೆವ. ಕೊನೆಗೆ ಪರೀಕ್ಷೆಯ ದಿನ ಬಂತು. ನಾನೇ ಬಸ್ಸಿನವರೆಗೆ ಬಿಟ್ಟು, ಹಣೆಗೆ ಕುಂಕುಮವಿದೆಯೇ ಎಂದು ವಿಚಾರಿಸಿ ಕಳಿಸಿದೆ.

ಸಂಜೆ ಬಂದು ಚಪ್ಪಲಿ ಬಿಡುತ್ತಾ, "ಆಗ್ಲಿಲ್ಲ ಮಾವ" ಎಂದಳು. ನೀರು ಕುಡಿದ ಮೇಲೆ ಉಳಿದದ್ದು ಹೇಳಿದಳು. ಪರೀಕ್ಷೆಯಲ್ಲಿ ಕೊಟ್ಟದ್ದು ಕಬ್ಬಿಣವಲ್ಲ, ಅಲ್ಲೂ ಪರದೆಯ ಮೇಲಿನ ಬೊಂಬೆಯೇ.

"ಮೊದಲ ಲೆಕ್ಕ ಒಂದೇ ಸಲಕ್ಕೆ ಸರಿ ಬಂತು. ನಂಗೇ ನಂಬ್ಕೆ ಬರ್ಲಿಲ್ಲ. ಇಷ್ಟು ಸಲೀಸಾಗಿ ಬರಕ್ಕಿಲ್ವಲ್ಲ, ಎಲ್ಲೋ ನಂದು ತಪ್ಪೈತೆ ಅಂತ ತಿರುಗಿ ತಿರುಗಿ ನೋಡ್ತಾ ಇದ್ದೆ. ಟೈಮ್ ಆಗೋಯ್ತು."

ಅಷ್ಟು ದಿನ ಬೊಂಬೆ ಅವಳಿಗೆ ನಿಜವನ್ನೇ ಹೇಳಿತ್ತು. ಸುಳ್ಳು ಹೇಳಿದ್ದು ನನ್ನ ಕಬ್ಬಿಣ. ಅದಕ್ಕೆ ಸಾಕ್ಷಿ ನುಡಿದವನು ನಾನು.

ಆ ಹೊತ್ತಿಗೆ ನನಗೆ ನೆನಪಾದದ್ದು ನಮ್ಮಪ್ಪನ ಹೋರಿ. ಎಳೆ ಹೋರಿಗೆ ಯಾರೂ ಮೊದಲೇ ಗಾಡಿ ಕಟ್ಟುವುದಿಲ್ಲ. ಕೊರಡೊಂದನ್ನು ಕಟ್ಟಿ ಬಯಲಲ್ಲಿ ಎಳೆಸುತ್ತಾರೆ. ಕೊರಡು ಗಾಡಿಯಲ್ಲ ಎಂದು ಹೋರಿಗೂ ಗೊತ್ತು, ಹೊಡೆಯುವವನಿಗೂ ಗೊತ್ತು. ನೊಗ ಹೆಗಲಿಗೆ ಒಗ್ಗಲಿ, ಬಿದ್ದರೂ ಯಾರ ಕೈಕಾಲೂ ಮುರಿಯದಿರಲಿ ಎಂದು ಕೊರಡು. ಆಮೇಲೆ ಗಾಡಿ ಇದ್ದೇ ಇದೆ. ಮರಳಲ್ಲಿ ಅಕ್ಷರ ತಿದ್ದಿ ಆಮೇಲೆ ಸ್ಲೇಟು ಹಿಡಿದ ನನಗೆ ಇಷ್ಟು ತಿಳಿಯದೆ ಹೋಯಿತು. ನಾನು ಎಳೆಯ ಹೆಗಲಿಗೆ ಮುರುಕು ಗಾಡಿ ಕಟ್ಟಿ, ಗಾಲಿ ಮುರಿದದ್ದು ಗೊತ್ತಿದ್ದೂ ಹೋರಿಗೆ ಚಾಟಿ ಬೀಸಿದವನು.

ಡ್ರಮ್ಮನ್ನು ಪಕ್ಕಕ್ಕೆಳೆದು ಅವಳನ್ನು ಕರೆದೆ. ಜಾಯಿಂಟು ತೋರಿಸಿದೆ. ಯಾವಾಗಿನಿಂದ ಗೊತ್ತಿತ್ತು ಎಂಬುದನ್ನೂ ಹೇಳಿದೆ. ಪವಿತ್ರ ಕೂತು ಟೇಪು ಬಿಚ್ಚಿ, ಎಂಟೆಳೆಯನ್ನೂ ಒಂದೊಂದಾಗಿ ನೋಡಿದಳು. ಈ ಸಲದ ಮೌನಕ್ಕೆ ನನ್ನ ಮಾತು ಸರಿ ಎಂಬ ಅರ್ಥ ಹಚ್ಚಲು ನನಗೂ ಧೈರ್ಯವಾಗಲಿಲ್ಲ. ಕೊನೆಗೆ, ಕಚೇರಿಯ ಫೋನಿನಲ್ಲಿ ಮಾತಾಡುವ ದನಿಯಲ್ಲಿ ಅಂದಳು:

"ನಿಮ್ಮ ಕಂಪ್ಲೇಂಟ್ ಬರ್ಕೊಂಡಿದೀನಿ ಸಾರ್. ಒಂದು ತಿಂಗಳು ಲೇಟಾಗಿ ಕೊಟ್ಟಿದೀರಿ. ರಿಪೇರಿಗೆ ಟೈಮ್ ಹಿಡೀತದೆ."

ಹಿಡಿಯಿತು. ನಾಲ್ಕು ದಿನ ನನ್ನ ಕಾಫಿ ಲೋಟ ಮಾತಿಲ್ಲದೆ ಬಂದು ಕೂರುತ್ತಿತ್ತು. ಐದನೆಯ ದಿನ ಅವಳೇ ಕೇಳಿದಳು:

"ಲ್ಯಾಪ್‌ಟಾಪಲ್ಲಿ ಎಲ್ಲಾ ಐತೆ ಮಾವ, ಕೆಟ್ಟ ಜಾಯಿಂಟ್ ಒಂದಿಲ್ಲ. ಒಳಕೋಣೇಲಿ ಕೂತ್ಮೇಲೆ ಅದೂ ಬೇಕಾಯ್ತದೆ. ದಿನಕ್ಕೊಂದು ಮಾಡಿಕೊಡ್ತೀರಾ?"

ಮಾಲೀಕರು ಇನ್ನೊಂದು ಸಲ ಕಾಯುತ್ತೇವೆ ಎಂದಿದ್ದಾರೆ. ಈಗ ಅವಳು ಮೊದಲು ಬೊಂಬೆಯ ಮೇಲೆ ಪಾಠ ಮುಗಿಸುತ್ತಾಳೆ. ಅಲ್ಲಿ ನಾಲ್ಕಕ್ಕೆ ನಾಲ್ಕು ಬಂದ ಮೇಲೆಯೇ ಕಬ್ಬಿಣದ ಹತ್ತಿರ ಬರುತ್ತಾಳೆ. ಅಷ್ಟರಲ್ಲಿ ನಾನು ಎಲ್ಲೋ ಒಂದೆಳೆ ಸಡಿಲಿಸಿ, ಯಾವ ಎಳೆ, ಎಲ್ಲಿ ಎಂದು ಚೀಟಿಯಲ್ಲಿ ಬರೆದು ಅವಳ ಲೋಟದ ಕೆಳಗೆ ಇಟ್ಟಿರುತ್ತೇನೆ. ಕೆಲಸ ಹಾಳು ಮಾಡಲು ಅಪ್ಪಣೆ ಪಡೆದ ಲೈನ್‌ಮನ್ ಈ ನಾಲ್ಕು ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ನಿನ್ನೆ ಚೀಟಿ ತೆಗೆಯುವ ಮೊದಲೇ ತಪ್ಪು ಹಿಡಿದಳು. ಆಮೇಲೂ ಚೀಟಿ ಬಿಡಿಸಿ ಓದಿದಳು. ಸಿಕ್ಕಿತಲ್ಲ, ಮತ್ತೇಕೆ ಓದುವುದು ಎಂದೆ.

"ನೀವು ನಿಜ ಬರ್ದಿದೀರಾ ಅಂತ ನೋಡ್ತೀನಿ, ಅಷ್ಟೆಯ" ಅಂದಳು.